ಅತ್ತದ್ದು ಸಾಕು, ಮೊದಲು ಕೂಲಿ ಕೊಡಿ

ನಿನ್ನೆ ಚರ್ಚಿನಲ್ಲಿ ಲೆಂಟಿನ (ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳ) ಸಂಜೆ ಕೂಟದಿಂದ ಬಂದಾಗಿನಿಂದ ಮೈಯೆಲ್ಲ ಉರಿಯುತ್ತಿದೆ. ರಾತ್ರಿ ಪ್ರಾರ್ಥನೆಗೆ ಕೂತರೂ ಮನಸ್ಸು ನಿಲ್ಲಲಿಲ್ಲ.

ದೇವರು ತಮ್ಮನ್ನು ಹೇಗೆ ಬದಲಾಯಿಸಿದ ಅಂತ ಸಭೆಯ ಮುಂದೆ ಸಾಕ್ಷಿ ಹೇಳುವ ಹೊತ್ತಿಗೆ ಒಬ್ಬರು ಎದ್ದು ನಿಂತರು. ಕಟ್ಟಡದ ಕಂಟ್ರಾಕ್ಟು ಹಿಡಿಯುವವರು. "ನಾನು ಮಹಾಪಾಪಿ, ಕರ್ತನು ನನ್ನನ್ನು ಮುಟ್ಟಿದ" ಅಂತ ಬಿಕ್ಕಿ ಬಿಕ್ಕಿ ಅತ್ತರು. ಸಭೆಯೆಲ್ಲ "ಸ್ತೋತ್ರ, ಸ್ತೋತ್ರ" ಅಂದಿತು. ನನ್ನ ಪಕ್ಕ ಕೂತಿದ್ದ ಅಕ್ಕ ಮಾತ್ರ ತುಟಿ ಬಿಚ್ಚಲಿಲ್ಲ. ಆ ಕಂಟ್ರಾಕ್ಟರ ಸೈಟಿನಲ್ಲಿ ಜಲ್ಲಿ, ಮರಳು ಹೊತ್ತ ಕೂಲಿ ಆಕೆಗೆ ಕ್ರಿಸ್ಮಸ್‌ಗೂ ಮುಂಚಿನಿಂದ ಬಾಕಿ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ನೆಲ ನೋಡುತ್ತಿದ್ದಳು. ಕೂಟ ಮುಗಿದ ಮೇಲೆ ಅವರು ಎಲ್ಲರ ಕೈ ಕುಲುಕಿದರು, ಈ ಬೆಂಚಿನ ಕಡೆ ಬರಲೇ ಇಲ್ಲ.

ನನ್ನನ್ನು ಬಲ್ಲವರಿಗೆ ಗೊತ್ತು, ನಮ್ಮಪ್ಪ ಗಾರೆ ಕೆಲಸ ಮಾಡಿಯೇ ನಮ್ಮನ್ನು ಓದಿಸಿದ್ದು. ಶನಿವಾರ ಬಟವಾಡೆ ಆಗದಿದ್ದರೆ ಮನೆಗೆ ಬಂದು ಯಾರ ಹತ್ತಿರವೂ ಮಾತಾಡದೆ ಕರಣೆ ತೊಳೆಯುತ್ತಾ ಕೂರುತ್ತಿದ್ದ. ಹಾಗಾಗಿ ಈ ವಿಷಯದಲ್ಲಿ ನನಗೆ ತಾಳ್ಮೆ ಇಲ್ಲ, ಇರಬೇಕು ಅಂತಲೂ ಅನ್ನಿಸುವುದಿಲ್ಲ.

ದೇವರ ಕಡೆ ತಿರುಗಿದವನು ತಾನು ಅನ್ಯಾಯ ಮಾಡಿದ ಮನುಷ್ಯನ ಕಡೆಗೂ ತಿರುಗಲೇಬೇಕು. ಇದು ನಾನು ಕಟ್ಟಿದ ಮಾತಲ್ಲ. ಬೈಬಲಿನಲ್ಲಿ ಬರುವ ಯೆರಿಕೋ ಊರಿನ ಜಕ್ಕಾಯನನ್ನು ನೋಡಿ. ಸುಂಕದವರ ಮುಖ್ಯಸ್ಥ, ದೊಡ್ಡ ಹಣವಂತ. ಯೇಸುವನ್ನು ನೋಡಲು ಅತ್ತಿ ಮರ ಹತ್ತಿದ್ದು ಭಾನುವಾರ ಶಾಲೆಯ ಮಕ್ಕಳಿಗೂ ಗೊತ್ತು. ಯೇಸು ಮನೆಗೆ ಬಂದಾಗ ಅವನು ಎದ್ದು ನಿಂತು ಹೇಳಿದ್ದು ಲೆಕ್ಕ: ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸು. ಅವನು ಅತ್ತ ಅಂತ ಈ ಕಥೆ ಬರೆದ ಲೂಕ ಎಲ್ಲೂ ಬರೆದಿಲ್ಲ. ಈ ಮನೆಗೆ ಇವತ್ತು ರಕ್ಷಣೆ ಆಯಿತು ಅಂತ ಯೇಸು ಹೇಳಿದ್ದು ಆ ಲೆಕ್ಕ ಕೇಳಿದ ಮೇಲೆ. ಬೈಬಲಿನ ಅರಣ್ಯಕಾಂಡ ಪುಸ್ತಕದ 5ನೇ ಅಧ್ಯಾಯ ತೆಗೆಯಿರಿ: ಪಾಪವನ್ನು ಅರಿಕೆ ಮಾಡಬೇಕು, ನಷ್ಟವನ್ನು ಪೂರ್ತಿ ಕಟ್ಟಿಕೊಡಬೇಕು, ಮೇಲೆ ಐದರಲ್ಲೊಂದು ಪಾಲು ಸೇರಿಸಬೇಕು. ಉಪವಾಸದ ದಿನವೂ ಕೂಲಿಯಾಳುಗಳನ್ನು ಹಿಂಡುತ್ತೀರಿ ಅಂತ ಪ್ರವಾದಿ ಯೆಶಾಯನ ಪುಸ್ತಕದ 58ನೇ ಅಧ್ಯಾಯದಲ್ಲಿ ದೇವರೇ ಗದರುತ್ತಾನೆ. ಲೆಂಟಿನಲ್ಲಿ ಮಾಂಸ ಬಿಟ್ಟೆವು ಅನ್ನುವ ನಾವು ಆ ಅಧ್ಯಾಯವನ್ನು ಬಿಟ್ಟು ಮುಂದೆ ಹೋಗುವ ಹಾಗಿಲ್ಲ.

ಕೂಟದಿಂದ ಹೊರಗೆ ಬರುವಾಗ ಇದನ್ನೇ ಹೇಳಿದೆ. ಹಿರಿಯರೊಬ್ಬರು "ರಕ್ಷಣೆ ಕೃಪೆಯಿಂದ ತಮ್ಮಾ, ಕ್ರಿಯೆಗಳಿಂದಲ್ಲ" ಅಂದರು. ಅದು ಎಫೆಸದವರಿಗೆ ಪೌಲ ಬರೆದ ಪತ್ರದ 2ನೇ ಅಧ್ಯಾಯ, 8 ಮತ್ತು 9ನೇ ವಚನದ ಮಾತು. ಒಪ್ಪಿದೆ. ಆದರೆ 10ನೇ ವಚನ ಯಾರು ಓದಬೇಕು? ಸತ್ಕಾರ್ಯಗಳಿಗಾಗಿಯೇ ನಮ್ಮನ್ನು ಸೃಷ್ಟಿಸಿದ್ದು ಅಂತ ಪೌಲ ಅದೇ ಉಸಿರಿನಲ್ಲಿ ಹೇಳುತ್ತಾನೆ. ಕೂಲಿ ಕೊಟ್ಟು ಸ್ವರ್ಗ ಕೊಂಡುಕೊಳ್ಳಿ ಅಂತ ನಾನು ಹೇಳುತ್ತಿಲ್ಲ. ಕೊಡಬೇಕಾದ ಕೂಲಿ ಕೊಡದವನಿಗೆ ಕೃಪೆ ಮುಟ್ಟಿದೆ ಅಂತ ಹೇಗೆ ನಂಬಲಿ ಅಂತ ಕೇಳುತ್ತಿದ್ದೇನೆ.

ನಮ್ಮ ಪ್ರಸಂಗಗಳಲ್ಲಿ ಜಾನ್ ನ್ಯೂಟನ್ನನ ಕಥೆ ಆಗಾಗ ಬರುತ್ತದೆ, ಇಂಗ್ಲೆಂಡಿನ ನಾವಿಕ, 'ಅಮೇಜಿಂಗ್ ಗ್ರೇಸ್' ಹಾಡು ಬರೆದವನು. 1748ರ ಬಿರುಗಾಳಿಯಲ್ಲಿ ಹಡಗು ಮುಳುಗುವಾಗ ದೇವರನ್ನು ಕೂಗಿದ, ಬದಲಾದ ಅಂತ ಅಲ್ಲಿಗೇ ನಿಲ್ಲಿಸುತ್ತಾರೆ. ಆಮೇಲೆಯೂ ಅವನು ಗುಲಾಮರನ್ನು ಸಾಗಿಸುವ ಹಡಗುಗಳ ಕಪ್ತಾನನಾಗಿದ್ದ. ಸಮುದ್ರ ಬಿಟ್ಟದ್ದು 1754ರಲ್ಲಿ, ಅದೂ ಕಾಯಿಲೆ ಬಿದ್ದದ್ದರಿಂದ. ಪಾದ್ರಿಯಾದ, ಹೆಸರು ಮಾಡಿದ. ಆ ಹಡಗುಗಳಲ್ಲಿ ಮನುಷ್ಯರನ್ನು ಹೇಗೆ ಒತ್ತೊತ್ತಾಗಿ ಮಲಗಿಸಿ ಸಂಕೋಲೆ ಹಾಕುತ್ತಿದ್ದರು ಅಂತ ಹೆಸರು ಹಾಕಿ ಬರೆದು ಅಚ್ಚು ಮಾಡಿಸಿದ್ದು 1788ರಲ್ಲಿ. ಆಮೇಲೆ ಅಧಿಕಾರಸ್ಥರ ಮುಂದೆ ಸಾಕ್ಷಿ ಹೇಳಿದ, 1807ರಲ್ಲಿ ಬ್ರಿಟನ್ ಆ ವ್ಯಾಪಾರ ನಿಲ್ಲಿಸುವ ಕಾನೂನು ತರುವವರೆಗೂ ಬದುಕಿದ್ದ. ನನ್ನ ಮಟ್ಟಿಗೆ ಅವನು ನಿಜವಾಗಿ ತಿರುಗಿದ ವರ್ಷ 1788. ನಡುವಿನ ನಲವತ್ತು ವರ್ಷ ಸಂಕೋಲೆಯಲ್ಲಿದ್ದವರಿಗೆ ಅವನ ಬಿರುಗಾಳಿಯ ಪ್ರಾರ್ಥನೆಯಿಂದ ಏನು ಸಿಕ್ಕಿತು?

ಆ ಕಂಟ್ರಾಕ್ಟರ ಕಣ್ಣೀರು ಸುಳ್ಳು ಅಂತ ನಾನು ಹೇಳಲಾರೆ. ಹೃದಯ ನೋಡುವವನು ದೇವರು. ಆದರೆ ಮರುಪಾವತಿ ನಮಗೂ ಕಾಣುತ್ತದೆ, ಅದನ್ನು ಕೇಳುವ ಹಕ್ಕು ಸಭೆಗಿದೆ. ಈ ಭಾನುವಾರ ಆರಾಧನೆ ಮುಗಿದ ಮೇಲೆ ಸಭಾಪಾಲಕರನ್ನು ಕಂಡು ಒಂದೇ ಮಾತು ಕೇಳಿಕೊಳ್ಳುತ್ತೇನೆ: ಇನ್ನು ಮುಂದೆ ಯಾರೇ ಸಾಕ್ಷಿ ಹೇಳಲಿ, "ಅಣ್ಣಾ, ಯಾರಿಗೆ ಏನು ಬಾಕಿ ಇದೆ, ಯಾವಾಗ ಕೊಡುತ್ತೀರಿ?" ಅಂತ ನೀವು ಪಕ್ಕಕ್ಕೆ ಕರೆದು ಕೇಳಬೇಕು. ಆ ಅಕ್ಕನ ದುಡ್ಡು ಶುಭ ಶುಕ್ರವಾರದ ಒಳಗೆ ಅವಳ ಕೈಗೆ ಬರಬೇಕು. ನಮ್ಮ ಸಭೆಯವರು ಇದನ್ನು ಓದುತ್ತಿದ್ದರೆ ನನ್ನ ಜೊತೆ ಬನ್ನಿ.