ಕಿವಿ ಗುಂಯ್ ಅನ್ನುವುದು ಮಾನಿಟರ್ ರೇಡಿಯೇಷನ್‌ನಿಂದ ಅಲ್ಲ

ನಮ್ಮ ತುಮಕೂರಿನ ಡಿಟಿಪಿ ಗೆಳೆಯರ ವಾಟ್ಸಾಪ್ ಗ್ರೂಪಿನಲ್ಲಿ ಎರಡು ದಿನದಿಂದ ಒಂದೇ ಮೆಸೇಜು: ಮಾನಿಟರಿನ ರೇಡಿಯೇಷನ್‌ಗೆ ಕಿವಿ ಗುಂಯ್ ಅನ್ನುತ್ತದೆ, ಪಕ್ಕದಲ್ಲಿ ಕಳ್ಳಿ ಗಿಡ ಇಟ್ಟರೆ ಅದನ್ನೆಲ್ಲ ಹೀರಿಕೊಳ್ಳುತ್ತದೆ ಅಂತ. ಕಳ್ಳಿ ಏನನ್ನೂ ಹೀರುವುದಿಲ್ಲ. ಚೆಂದ ಕಾಣುತ್ತದೆ ಅಂತ ಬೇಕಾದರೆ ಇಟ್ಟುಕೊಳ್ಳಿ.

ಹಾಗಂತ ಶಬ್ದ ಕೇಳಿಸುತ್ತದೆ ಅನ್ನುವವರು ಸುಳ್ಳು ಹೇಳುತ್ತಿಲ್ಲ. ಹಳೇ ಡಬ್ಬಾ ಟಿವಿ ನೆನಪಿದೆ ಅಲ್ವಾ? ಅದರೊಳಗಿನ ಟ್ರಾನ್ಸ್‌ಫಾರ್ಮರ್ 15,625 ಹರ್ಟ್ಸ್‌ನಲ್ಲಿ ಕೀಂಯ್ ಅನ್ನುತ್ತಿತ್ತು, ಮಕ್ಕಳಿಗೆ ಕೇಳಿಸುತ್ತಿತ್ತು, ವಯಸ್ಸಾದವರಿಗೆ ಇಲ್ಲ. ಈಗಿನ ಎಲ್‌ಇಡಿ ಮಾನಿಟರಿನಲ್ಲೂ ಕೆಲವು ಸಲ ಒಳಗಿನ ಕಾಯಿಲ್, ಅಂದರೆ ತಂತಿ ಸುರುಳಿ, ಕರೆಂಟಿಗೆ ಅದುರಿ ಸಣ್ಣಗೆ ಕೂಗುತ್ತದೆ. ನನ್ನದೂ ಹಾಗೇ, ರಾತ್ರಿ ಲಗ್ನಪತ್ರಿಕೆ ಟೈಪ್ ಮಾಡುವಾಗ ಬ್ರೈಟ್‌ನೆಸ್ ಇಳಿಸಿದರೆ ಸೊಳ್ಳೆ ಥರ ಶುರು, ಪೂರ್ತಿ ಏರಿಸಿದರೆ ಗಪ್‌ಚುಪ್. ಅದು ಗಾಳಿಯಲ್ಲಿ ಬರುವ ಮಾಮೂಲಿ ಶಬ್ದ, ಅಷ್ಟೇ.

ಗೋಡೆಯ ಸ್ವಿಚ್ ಆರಿಸಿ ನೋಡಿ. ನಿಂತರೆ ಮಾನಿಟರಿನದು. ಆಮೇಲೂ ಗುಂಯ್ ಅಂದರೆ ಕಿವಿಯದು: ಜೋರಾದ ಇಯರ್‌ಫೋನ್, ಗುಗ್ಗೆ, ವಯಸ್ಸು, ಕೆಲವು ಮಾತ್ರೆಗಳು, ಹೀಗೆ ಕಾರಣ ಬೇಕಾದಷ್ಟಿವೆ.

ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲೇ ಹೇಳಿದೆ, ವಿದ್ಯುತ್ ಉಪಕರಣಗಳಿಂದ ತೊಂದರೆ ಅನ್ನುವವರ ನೋವು ನಿಜ, ಆದರೆ ಅದನ್ನು ವಿದ್ಯುತ್ಕಾಂತೀಯ ಕ್ಷೇತ್ರಕ್ಕೆ (ಮೆಸೇಜಿನಲ್ಲಿ ರೇಡಿಯೇಷನ್ ಅಂದಿರುವುದು ಇದನ್ನೇ) ಗಂಟು ಹಾಕಲು ವೈಜ್ಞಾನಿಕ ಆಧಾರ ಇಲ್ಲ ಅಂತ. ಕ್ಷೇತ್ರ ಆನ್ ಇದೆಯೋ ಆಫ್ ಇದೆಯೋ ತಿಳಿಸದೆ ಪರೀಕ್ಷೆ ಮಾಡಿದಾಗ ಹೆಚ್ಚಿನವರಿಗೆ ವ್ಯತ್ಯಾಸವೇ ಗೊತ್ತಾಗಲಿಲ್ಲ.

ಒಂದೇ ಕಿವಿಯಲ್ಲಿ ಗುಂಯ್ ಅನ್ನುತ್ತಿದ್ದರೆ, ಇಲ್ಲಾ ಇದ್ದಕ್ಕಿದ್ದಂತೆ ಕಿವಿ ಮಂದವಾದರೆ, ಕಳ್ಳಿ ಗಿಡ ತರಲು ನರ್ಸರಿಗೆ ಹೋಗಬೇಡಿ. ತಡ ಮಾಡದೆ ಇಎನ್‌ಟಿ ಡಾಕ್ಟರಿಗೆ ತೋರಿಸಿ.