ಬಾರದ ರೈಲು ತಡವಾಗುವುದಿಲ್ಲ

ಜರ್ಮನಿಯ ರೈಲುಗಳ ಸುದ್ದಿ ನೀವೂ ಓದಿರುತ್ತೀರಿ. ದೂರದೂರಿಗೆ ಓಡುವ ಅಲ್ಲಿನ ರೈಲುಗಳಲ್ಲಿ 2024ರಲ್ಲಿ ಹೊತ್ತಿಗೆ ಸರಿಯಾಗಿ ಬಂದವು ಶೇ 62.5 ಮಾತ್ರ. ನಮ್ಮ ಪಿಯುಸಿ ಲೆಕ್ಕದಲ್ಲಿ ಫಸ್ಟ್ ಕ್ಲಾಸು. ಪರವಾಗಿಲ್ಲ, ಪಾಪ, ಓದಿದ್ದಾರೆ ಅಂತ ನಾನು ಸುಮ್ಮನಿದ್ದೆ. ಸುಮ್ಮನಿರಲು ಬಿಡದಿದ್ದದ್ದು ಅಕ್ಕನ ಮಗನ ಕೈಯಲ್ಲಿದ್ದ ಒಂದು ಪುಸ್ತಕ.

ಹುಡುಗ ಎಂಜಿನಿಯರಿಂಗ್ ಮುಗಿಸಿ ಎಂ.ಎಸ್. ಮಾಡಲು ಜರ್ಮನಿಗೆ ಹೊರಟಿದ್ದಾನೆ. ಬೆಂಗಳೂರಿನ ಯಾವುದೋ ಕನ್ಸಲ್ಟೆನ್ಸಿಯವರು ಫೀಸು ತೆಗೆದುಕೊಂಡ ಮೇಲೆ ನುಣುಪು ಕಾಗದದ ಪುಸ್ತಕ ಕೊಟ್ಟಿದ್ದಾರೆ. ಅದರಲ್ಲಿ 'ಸಾರಿಗೆ' ಅಂತ ಒಂದು ಪುಟ. ಮೇಲೆ ಬಿಳಿ ರೈಲಿನ ಚಿತ್ರ, ಹಿಂದೆ ಹಿಮದ ಬೆಟ್ಟ, ಮುಂದೆ ಬ್ಯಾಗು ಹಾಕಿಕೊಂಡು ನಗುವ ಹುಡುಗಿ. ಕೆಳಗೆ ನಾಲ್ಕು ಸಾಲು. 'ಜರ್ಮನಿಯಲ್ಲಿ ರೈಲು ನೋಡಿ ಗಡಿಯಾರ ಸರಿಮಾಡಿಕೊಳ್ಳಬಹುದು. ವಿದ್ಯಾರ್ಥಿಗಳಿಗೆ ಪ್ರಯಾಣ ಉಚಿತ.' ಭಾವ ಅದನ್ನು ಜಗಲಿಯಲ್ಲಿ ಕೂತು ಎರಡು ಸಲ ಜೋರಾಗಿ ಓದಿದರು. ಎರಡನೇ ಸಲ ಪಕ್ಕದ ಮನೆಯವರಿಗೆ ಕೇಳಲಿ ಅಂತ.

ಗಡಿಯಾರ ಸರಿಮಾಡಿಕೊಳ್ಳಬಹುದು, ನಿಜ. ಆದರೆ ಆ ಗಡಿಯಾರಕ್ಕೆ ಸ್ವಲ್ಪ ಉದಾರ ಮನಸ್ಸಿರಬೇಕು. ಅಲ್ಲಿನ ಡಾಯ್ಚೆ ಬಾನ್ ರೈಲು ಸಂಸ್ಥೆಯ ಲೆಕ್ಕದಲ್ಲಿ ಆರು ನಿಮಿಷಕ್ಕಿಂತ ಕಡಿಮೆ ತಡವಾದರೆ ಅದು ತಡವೇ ಅಲ್ಲ. ಐದು ನಿಮಿಷ ಐವತ್ತೊಂಬತ್ತು ಸೆಕೆಂಡು ತಡವಾಗಿ ಬಂದರೂ ಹೊತ್ತಿಗೆ ಸರಿಯಾಗಿ ಬಂದ ಹಾಗೇ. ನೀವು ನಾಲ್ಕು ನಿಮಿಷದಲ್ಲಿ ಇನ್ನೊಂದು ರೈಲು ಹಿಡಿಯಬೇಕಿತ್ತು ಅಂದುಕೊಳ್ಳಿ. ನಿಮ್ಮ ರೈಲು ಹೊತ್ತಿಗೆ ಬಂತು. ಆ ರೈಲು ಹೊತ್ತಿಗೆ ಹೋಯಿತು. ನೀವು ಮಾತ್ರ ಪ್ಲಾಟ್‌ಫಾರ್ಮ್‌ನಲ್ಲಿ ಎರಡು ಸೂಟ್‌ಕೇಸ್ ಹಿಡಿದು ನಿಂತಿದ್ದೀರಿ. ತಪ್ಪು ಯಾರದು? ನಿಮ್ಮದೇ.

ಇನ್ನೂ ಚೆಂದದ್ದು ರದ್ದಾದ ರೈಲಿನ ವಿಷಯ. ರದ್ದಾದ ರೈಲು ಆ ಲೆಕ್ಕಕ್ಕೇ ಬರುವುದಿಲ್ಲ. ಬರದೇ ಇದ್ದದ್ದು ತಡವಾಗಿ ಬಂತು ಅನ್ನೋದು ಹೇಗೆ, ಅಲ್ವಾ? ಉಪನಿಷತ್ತಿನಲ್ಲಿ ಇರಬೇಕಾದ ಮಾತು. ನಮ್ಮ ಕಾಲದಲ್ಲಿ ಈ ನ್ಯಾಯ ಇದ್ದಿದ್ದರೆ ಗಣಿತದ ಪರೀಕ್ಷೆಯ ದಿನ ನಾನು ಹೊಟ್ಟೆನೋವು ಅಂತ ಮಲಗಿ, ಇಡೀ ತಾಲ್ಲೂಕಿಗೇ ಫಸ್ಟ್ ಬರುತ್ತಿದ್ದೆ.

ಈ ಲೆಕ್ಕದಿಂದ ಹುಟ್ಟಿದ ಒಂದು ಕಲೆಗೆ ಅಲ್ಲಿ 'ಪೊಫಾಲ್ಲಾ ತಿರುವು' ಅಂತ ಹೆಸರು. ರೊನಾಲ್ಡ್ ಪೊಫಾಲ್ಲಾ ಅನ್ನುವವರು ಆ ಸಂಸ್ಥೆಯ ಆಡಳಿತ ಮಂಡಳಿಯಲ್ಲಿದ್ದರು. ರೈಲು ತುಂಬಾ ತಡವಾಯಿತೋ, ಕೊನೆಯ ನಿಲ್ದಾಣದವರೆಗೂ ಹೋಗುವುದೇ ಬೇಡ. ದಾರಿಯಲ್ಲೇ ಜನರನ್ನು ಇಳಿಸಿ, ಅಲ್ಲಿಂದಲೇ ತಿರುಗಿಸಿ. ವಾಪಸ್ಸು ಹೊರಡುವ ಹೊತ್ತಿಗೆ ರೈಲು ಸರಿಯಾದ ಟೈಮಿಗೆ ಬಂದಿರುತ್ತದೆ. ಬಿಟ್ಟುಹೋದ ನಿಲ್ದಾಣಗಳು ರದ್ದಾದವು, ಹಾಗಾಗಿ ಅಲ್ಲಿ ತಡವೂ ಇಲ್ಲ. ನಮ್ಮ ಹಳ್ಳಿ ಬಸ್ಸಿನ ಕಂಡಕ್ಟರು ರಾತ್ರಿ ಕೊನೇ ಟ್ರಿಪ್ಪಿನಲ್ಲಿ 'ಮೂರೇ ಜನ ಇದ್ದೀರಿ, ಕ್ರಾಸಿನಲ್ಲೇ ಇಳ್ಕೊಳ್ಳಿ, ಒಳಗೆ ಹೋಗಲ್ಲ' ಅನ್ನುತ್ತಾನಲ್ಲ, ಅದೇ. ಪಾಪ, ಅವನಿಗೆ ಬೈಗುಳ ಸಿಕ್ಕಿತು. ತಿರುವಿಗೆ ಅವನ ಹೆಸರನ್ನು ಯಾರೂ ಇಡಲಿಲ್ಲ.

ಹಾಗಂತ ನಾವೇನು ಕಮ್ಮಿ? ನಮ್ಮ ಕಡೆ ಟೈಮ್‌ಟೇಬಲ್ಲಿನಲ್ಲೇ ಕೊನೆಯ ನಿಲ್ದಾಣಕ್ಕೆ ಮುಂಚೆ ಬೇಕಾದಷ್ಟು ಪುರುಸೊತ್ತು ತುಂಬಿ ಇಟ್ಟಿರುತ್ತಾರೆ. ಅರಸೀಕೆರೆಯಲ್ಲಿ ಅರ್ಧ ಗಂಟೆ ತಡ ಇದ್ದ ಗಾಡಿ ಬೆಂಗಳೂರಿಗೆ ಸರಿಯಾದ ಟೈಮಿಗೆ ಬಂದು ನಿಲ್ಲುತ್ತದೆ. ಅದೂ ಔಟರ್‌ನಲ್ಲಿ ಹದಿನೈದು ನಿಮಿಷ ನಿಂತು, ಕಡಲೆಕಾಯಿ ಮಾರುವವನು ಹತ್ತಿ ಇಳಿದು ಆದ ಮೇಲೆ. ಔಟರ್‌ನಲ್ಲಿ ನಿಂತ ಗಾಡಿಯಿಂದ ಹಳಿಗೆ ಧುಮುಕಿ, ಬ್ಯಾಗು ತಲೆ ಮೇಲೆ ಹೊತ್ತು ಮನೆಗೆ ನಡೆದವರು ನಮ್ಮಲ್ಲಿ ಎಷ್ಟು ಜನ ಇಲ್ಲ! ಈ ತರಬೇತಿ ಇರುವ ನಮ್ಮ ಹುಡುಗರಿಗೆ ಜರ್ಮನಿ ಒಂದು ಲೆಕ್ಕವೇ ಅಲ್ಲ. ಕನ್ಸಲ್ಟೆನ್ಸಿಯವರು ಅದನ್ನೇ ಬರೆಯಬಹುದಿತ್ತು. 'ಅಲ್ಲೂ ಮನೆಯ ವಾತಾವರಣ' ಅಂತ.

ತಡ ಯಾಕೆ ಅಂತ ಅಲ್ಲಿ ಕಾರಣವನ್ನೂ ಹೇಳುತ್ತಾರೆ. ಅದರಲ್ಲಿ ನನಗೆ ತುಂಬ ಇಷ್ಟವಾದದ್ದು: 'ಹಿಂದಿನ ಪ್ರಯಾಣದ ವಿಳಂಬದಿಂದಾಗಿ ವಿಳಂಬ.' ಅಂದರೆ, ಯಾಕೆ ಲೇಟು? ಆಗಲೇ ಲೇಟಾಗಿತ್ತು ಸಾರ್. ಮೇಷ್ಟ್ರಿಗೆ ಈ ಉತ್ತರ ಕೊಟ್ಟಿದ್ದರೆ ಬೆರಳ ಗೆಣ್ಣಿನ ಮೇಲೆ ಸ್ಕೇಲಿನ ಏಟು ಬೀಳುತ್ತಿತ್ತು. ಸ್ವಿಟ್ಜರ್ಲೆಂಡಿನವರು ಆ ಮೇಷ್ಟ್ರ ಜಾತಿ. ಜರ್ಮನಿಯಿಂದ ತೀರಾ ತಡವಾಗಿ ಬಂದ ರೈಲನ್ನು ಗಡಿಯ ಬಾಸೆಲ್‌ನಲ್ಲೇ ನಿಲ್ಲಿಸಿ, ಜನರನ್ನು ತಮ್ಮ ರೈಲಿಗೆ ಹತ್ತಿಸುತ್ತಾರೆ. ನಿಮ್ಮ ರೋಗ ನಮಗೆ ಅಂಟಿಸಬೇಡಿ ಅಂತ. 2024ರಲ್ಲಿ ಯುರೋಪಿನ ಫುಟ್‌ಬಾಲ್ ಟೂರ್ನಿ ಜರ್ಮನಿಯಲ್ಲಿ ನಡೆಯಿತಲ್ಲ, ಅದರ ನಿರ್ದೇಶಕರಾಗಿದ್ದ ಫಿಲಿಪ್ ಲಾಮ್ ಅವರೇ ರೈಲು ತಡವಾಗಿ ಒಂದು ಪಂದ್ಯದ ಶುರುವಿಗೆ ತಲುಪಲಿಲ್ಲ. ಮದುವೆ ಮನೆಗೆ ಹೆಣ್ಣಿನ ಅಪ್ಪನೇ ಲೇಟು.

ಸರಿಮಾಡುತ್ತೇವೆ ಅಂತಲೂ ಹೇಳಿದ್ದಾರೆ. ದೊಡ್ಡ ಊರುಗಳ ನಡುವೆ ಅರ್ಧ ಗಂಟೆಗೊಂದು ರೈಲು, ಒಂದರಿಂದ ಇಳಿದರೆ ಇನ್ನೊಂದು ಸಿದ್ಧ, ಹಾಗೊಂದು ಯೋಜನೆ. ಮೊದಲು 2030ಕ್ಕೆ ಅಂದಿದ್ದರು. 2023ರಲ್ಲಿ ಸರ್ಕಾರ ಸ್ವಲ್ಪ ಮುಂದಕ್ಕೆ ಹಾಕಿತು. 2070. ನಮ್ಮ ಹುಡುಗನಿಗೆ ಆಗ ಅರವತ್ತು ದಾಟಿರುತ್ತದೆ. ದೇವನಹಳ್ಳಿಗೆ ಮೆಟ್ರೊ ಯಾವಾಗ ಅಂತ ಕೇಳಿದರೆ ನಮ್ಮವರು ಬರೋ ವರ್ಷ ಅಂತಾದರೂ ಹೇಳುತ್ತಾರೆ. ಪ್ರತಿ ವರ್ಷ ಹೇಳುತ್ತಾರೆ ಅನ್ನೋದು ಬೇರೆ ಮಾತು.

ಇನ್ನು ಆ 'ಉಚಿತ'. ಅಲ್ಲಿ ವಿದ್ಯಾರ್ಥಿಗಳಿಗೆ ಸೆಮಿಸ್ಟರ್ ಟಿಕೆಟ್ ಅಂತ ಇದೆ, ಒಳ್ಳೆಯದೇ ಇದೆ. ದೇಶದ ತುಂಬ ಬಸ್ಸು, ಟ್ರಾಮು, ಲೋಕಲ್ ರೈಲಿಗೆ ನಡೆಯುವ ಡಾಯ್ಚ್‌ಲಾಂಡ್ ಟಿಕೆಟ್ಟಿನ ಬೆಲೆಯಲ್ಲಿ ಶೇ 60 ಕೊಟ್ಟರೆ ಸಾಕು. ಕೊಟ್ಟರೆ. ಸೆಮಿಸ್ಟರಿನ ಶುಲ್ಕದ ಜೊತೆ ಸೇರಿಸಿ ವಸೂಲಿ ಮಾಡುತ್ತಾರೆ. ಆ ಡಾಯ್ಚ್‌ಲಾಂಡ್ ಟಿಕೆಟ್ಟಿನ ಪೂರ್ತಿ ಬೆಲೆ 2023ರ ಮೇ ತಿಂಗಳಲ್ಲಿ ತಿಂಗಳಿಗೆ 49 ಯೂರೊ ಇತ್ತು, 2025ಕ್ಕೆ 58 ಆಯಿತು, 2026ಕ್ಕೆ 63. ಇದೊಂದು ಮಾತ್ರ ತಡವಿಲ್ಲದೆ ಬರುತ್ತಿದೆ. ಮತ್ತೆ, ಪುಸ್ತಕದ ಚಿತ್ರದಲ್ಲಿರುವ ಬಿಳಿ ರೈಲು ಇದೆಯಲ್ಲ, ಅದು ಐಸಿಇ, ದೂರದೂರಿಗೆ ಓಡುವ ವೇಗದ ರೈಲು. ಆ ಐಸಿಇಗೆ ಈ ಟಿಕೆಟ್ ನಡೆಯುವುದೇ ಇಲ್ಲ. ಹತ್ತಿದರೆ ದಂಡ.

ಇಲ್ಲಿಗೆ ಬಂದಾಗ ನನಗೆ ನಗು ಬರಲಿಲ್ಲ. ಭಾವ ತೋಟದ ಪತ್ರ ಬ್ಯಾಂಕಿನಲ್ಲಿಟ್ಟಿದ್ದಾರೆ. ವೀಸಾಕ್ಕೆ ಮೊದಲು ಬ್ಲಾಕ್ಡ್ ಅಕೌಂಟಿನಲ್ಲಿ 11,904 ಯೂರೊ ತೋರಿಸಬೇಕು, ಹತ್ತು ಲಕ್ಷಕ್ಕೂ ಜಾಸ್ತಿ. ಅದರಲ್ಲಿ ತಿಂಗಳಿಗೆ 992 ಯೂರೊ ಹುಡುಗನ ಕೈಗೆ ಬರುತ್ತದೆ, ಬಾಡಿಗೆ, ಊಟ, ಇನ್ಶೂರೆನ್ಸು ಎಲ್ಲ ಅದರಲ್ಲೇ. ಅಂಥವನು ಚಿತ್ರ ನಂಬಿ ರೈಲು ಹತ್ತಿ ದಂಡ ಕಟ್ಟಿದರೆ ಆ ದುಡ್ಡು ಅಡಿಕೆ ಸುಲಿದ ದುಡ್ಡು. ಜರ್ಮನ್ನರಾದರೂ ತಮ್ಮ ಸುಳ್ಳಿನ ಲೆಕ್ಕವನ್ನು ತಾವೇ ಅಚ್ಚು ಹಾಕುತ್ತಾರೆ, ಆರು ನಿಮಿಷ ಅಂತ ಎದುರಿಗೇ ಹೇಳುತ್ತಾರೆ. ಇವರು? ನಾನು ಕನ್ಸಲ್ಟೆನ್ಸಿಗೆ ಫೋನು ಮಾಡಿದೆ. ಆ ಕಡೆಯ ಹುಡುಗಿ, 'ಸಾರ್, ಅದು ಬರೀ ರೆಪ್ರೆಸೆಂಟೇಟಿವ್ ಇಮೇಜ್' ಅಂದಳು. ಆ ಮಗುವಿಗೆ ಬೈದು ಏನು ಬಂತು? ಅವಳ ಸಂಬಳವೂ ತಡವಾಗಿಯೇ ಬರುತ್ತಿರಬಹುದು.

ಸಂಜೆ ಪ್ಯಾಕಿಂಗ್ ನಡೆಯಿತು. ವಿಮಾನದಲ್ಲಿ ಒಂದು ಪೆಟ್ಟಿಗೆಗೆ 23 ಕೆಜಿ. ಅಡಿಕೆ ತೂಗುವ ತಕ್ಕಡಿಗೇ ಸೂಟ್‌ಕೇಸ್ ನೇತುಹಾಕಿದರು. ಇಪ್ಪತ್ತಾರು ಬಂತು. ಅಪ್ಪೆಮಿಡಿ ಉಪ್ಪಿನಕಾಯಿ ತೆಗೆಯಲು ಅಕ್ಕ ಒಪ್ಪಲಿಲ್ಲ. ಚಟ್ನಿಪುಡಿ ತೆಗೆಯಲು ಹುಡುಗ ಒಪ್ಪಲಿಲ್ಲ. ಸೂಟ್‌ಕೇಸ್ ಇಳಿಸಿ, ಮತ್ತೆ ಬಿಚ್ಚಿ, ನೆಲದ ಮೇಲೆ ಎಲ್ಲ ಹರಡಿಕೊಂಡು ಕೂತರು.

'ಫ್ರಾಂಕ್‌ಫರ್ಟಿನಲ್ಲಿ ಇಳಿದ ಮೇಲೆ ಎರಡು ರೈಲು ಬದಲಿಸಬೇಕಂತೆ ಮಾವ' ಅಂದ ಹುಡುಗ. 'ನಡುವೆ ಏಳು ನಿಮಿಷ ಇದೆ.'

ನಾನು ಏನೂ ಹೇಳಲಿಲ್ಲ. ಭಾವ ನನ್ನ ಮುಖ ನೋಡಿದರು. ಪುಸ್ತಕ ಮಡಚಿ ಪಕ್ಕಕ್ಕಿಟ್ಟು, ಕುಕ್ಕರನ್ನು ಹೊರಗೆ ತೆಗೆದರು.

'ಅಲ್ಲೇ ಒಂದು ತಗೊಳ್ಳಲಿ' ಅಂದರು ಅಕ್ಕನಿಗೆ. 'ಆ ಜಾಗಕ್ಕೆ ಒಗ್ಗರಣೆ ಅವಲಕ್ಕಿ ಹಾಕು. ಸ್ಟೇಷನ್ನಿನಲ್ಲಿ ಕೂತು ತಿನ್ನೋಕೆ.'