ರಾಡು ಹಾಕುವಾಗಲೇ ಹೇಳಬಾರದಾ?

ಸಿಟ್ಟು ಇಳಿದ ಮೇಲೆ ಬರೆಯೋಣ ಅಂತ ಸಂಜೆವರೆಗೆ ಕಾದೆ. ಇಳಿಯಲಿಲ್ಲ. ಹಾಗೇ ಬರೆಯುತ್ತಿದ್ದೇನೆ.

ನಮ್ಮ ಬೀದಿ ತಿರುವಿನ ಹೂವಿನಮ್ಮ, ಅವರ ನಾಯಿ ರಾಜ, ಇಬ್ಬರೂ ನಿಮಗೆ ಗೊತ್ತು. ಹೋದ ದೀಪಾವಳಿಯಲ್ಲಿ ಪಟಾಕಿ ಸದ್ದಿಗೆ ಬೆದರಿ ಓಡಿದ ರಾಜನಿಗೆ ಆಟೋ ಬಡಿದು ತೊಡೆ ಮೂಳೆ ಮುರಿದಿತ್ತು. ನಾನು ಇಲ್ಲೇ ಕೇಳಿಕೊಂಡೆ, ನೀವೆಲ್ಲ ದುಡ್ಡು ಕಳಿಸಿದಿರಿ. ಮೂಳೆಯೊಳಗೆ ರಾಡು ತೂರಿಸಿ ಕೂಡಿಸಿದರು. ಎರಡು ತಿಂಗಳಿಗೆಲ್ಲ ನಾಲ್ಕೂ ಕಾಲೂರಿ ಓಡಿದ. ವಿಡಿಯೋ ಹಾಕಿದ್ದೂ ನಾನೇ. ಎಲ್ಲ ಮುಗಿಯಿತು ಅಂದುಕೊಂಡೆವು.

ಕೆಲವು ವಾರದ ಹಿಂದೆ ಹೂವಿನಮ್ಮ ಕರೆದರು. "ಅಕ್ಕಾ, ಇವನು ಯಾವಾಗ ನೋಡಿದ್ರೂ ಇಲ್ಲೇ ನೆಕ್ಕೊಳ್ತಾನೆ ನೋಡಿ." ಸೊಂಟದ ಪಕ್ಕ ನಿಂಬೆಕಾಯಿಯಷ್ಟು ಊತ. ಕೂದಲು ಉದುರಿ ಚರ್ಮ ಕೆಂಪಗಾಗಿತ್ತು. ಹತ್ತಿರದ ಕ್ಲಿನಿಕ್‌ನಲ್ಲಿ ತೋರಿಸಿದರು. ಮಾತ್ರೆ ಕೊಟ್ಟರು, ಊತ ಇಳಿಯಿತು. ಮಾತ್ರೆ ಮುಗಿಯಿತು, ಕೀವು ಶುರುವಾಯಿತು. ಮತ್ತೆ ಮಾತ್ರೆ, ಮತ್ತೆ ಕೀವು. ಮೂರು ಸಲ ಹೀಗೇ ಆಯಿತು. ಒಂದು ಸಲವೂ ಎಕ್ಸ್‌ರೇ ತೆಗೆಸಿ ಅನ್ನಲಿಲ್ಲ. ಒಳಗೆ ರಾಡಿದೆ ಅಂತ ಹೂವಿನಮ್ಮ ಹೇಳಿದ್ದರೂ!

ಇವತ್ತು ಬೆಳಗ್ಗೆ ಬೇರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಮೊದಲು ಮಾಡಿದ್ದೇ ಎಕ್ಸ್‌ರೇ. ನೇರವಾಗಿ ಒಂದು, ಪಕ್ಕದಿಂದ ಒಂದು. ಮೂಳೆ ಚೆನ್ನಾಗಿ ಕೂಡಿತ್ತು. ಆದರೆ ರಾಡು ಸಡಿಲವಾಗಿ ಹಿಂದಕ್ಕೆ ಜಾರಿ, ಅದರ ತುದಿ ಸೊಂಟದ ಹತ್ತಿರ ಚರ್ಮದ ಕೆಳಗೇ ಬಂದು ನಿಂತಿತ್ತು. ಅಲ್ಲೇ ಪಕ್ಕದಲ್ಲಿ ತೊಡೆಯ ದೊಡ್ಡ ನರ ಹಾದುಹೋಗುತ್ತದೆ ಅಂತ ಡಾಕ್ಟರು ತೋರಿಸಿದಾಗ ನನಗೆ ಕೈಕಾಲು ತಣ್ಣಗಾಯಿತು.

ಮಂಪರು ಬರುವ ಇಂಜೆಕ್ಷನ್ ಕೊಟ್ಟು, ಚಿಕ್ಕದಾಗಿ ಕೊಯ್ದು, ಇಕ್ಕಳದಂಥ ಸಾಧನದಲ್ಲಿ ಹಿಡಿದು ಎಳೆದರು. ಬಂದುಬಿಟ್ಟಿತು. ಸ್ಟೀಲ್ ತಟ್ಟೆಯಲ್ಲಿ ಟಣ್ ಅಂತ ಬಿತ್ತು. ಸ್ವೆಟರ್ ಹೆಣೆಯುವ ಕಡ್ಡಿಯಷ್ಟು ದಪ್ಪ. ತುದಿಯಲ್ಲಿ ಮೂರು ಮುಖದ ಚೂಪು ಮೊನೆ. ಇದನ್ನ ಮೈಯೊಳಗೆ ಇಟ್ಟುಕೊಂಡು ರಾಜ ದಿನಾ ಬಾಲ ಅಲ್ಲಾಡಿಸಿಕೊಂಡು ನನ್ನ ಸ್ಕೂಟರ್ ಹತ್ತಿರ ಬರುತ್ತಿದ್ದ.

ನನ್ನ ಸಿಟ್ಟು ಇಷ್ಟೇ. ರಾಡು ಹಾಕಿದ ದಿನವೇ ಒಂದು ಮಾತು ಹೇಳಬಾರದಿತ್ತಾ? "ಎರಡು ತಿಂಗಳಿಗೆ ಕರೆದುಕೊಂಡು ಬನ್ನಿ, ಎಕ್ಸ್‌ರೇ ನೋಡೋಣ, ಕೂಡಿದ್ದರೆ ತೆಗೆಯೋಣ." ಇಷ್ಟು ಹೇಳೋಕೆ ಎಷ್ಟು ಹೊತ್ತು ಬೇಕು? ಮನುಷ್ಯರಿಗೆ ರಾಡು ಹಾಕಿದರೆ ಮುಂದೆ ಯಾವಾಗ ಬರಬೇಕು ಅಂತ ಚೀಟಿಯಲ್ಲಿ ಬರೆದು ಕೊಡುತ್ತಾರೆ. ರಾಜನ ಚೀಟಿಯನ್ನ ಮಧ್ಯಾಹ್ನ ಹಿಂದೆ ಮುಂದೆ ತಿರುಗಿಸಿ ನೋಡಿದೆ. ಮಾತ್ರೆಗಳ ಹೆಸರಿದೆ. ಬಿಲ್ಲಿನ ಮೊತ್ತ ಇದೆ. ಮುಂದಿನ ತಾರೀಖು ಇಲ್ಲ.

ಎಲ್ಲವನ್ನೂ ತೆಗೆಯಲೇಬೇಕಾ ಅಂತ ಕೆಲವರು ಕೇಳುತ್ತೀರಿ. ಬೇಕಿಲ್ಲ, ನಿಜ. ನಮ್ಮ ಮನೆ ನಾಯಿ ಬೆಳ್ಳಿಯ ಮುಂಗಾಲಿನಲ್ಲಿ ಪ್ಲೇಟು, ಆರು ಸ್ಕ್ರೂ 4 ವರ್ಷದಿಂದ ಇವೆ. ತೊಂದರೆ ಕೊಡದ ಪ್ಲೇಟನ್ನ ಸುಮ್ನೆ ತೆಗೆಯುವುದಿಲ್ಲ. ತೆಗೆದರೆ ಮತ್ತೆ ದೊಡ್ಡದಾಗಿ ಕೊಯ್ಯಬೇಕು. ಸ್ಕ್ರೂ ಇದ್ದ ಜಾಗದಲ್ಲೆಲ್ಲ ಮೂಳೆಯಲ್ಲಿ ತೂತು ಉಳಿಯುತ್ತದೆ. ಅದು ತುಂಬುವವರೆಗೆ ವಾರಗಟ್ಟಲೆ ಹಾರದಂತೆ, ಮೆಟ್ಟಿಲು ಹತ್ತದಂತೆ ಕಾಯಬೇಕು, ಇಲ್ಲದಿದ್ದರೆ ಅಲ್ಲೇ ಮತ್ತೆ ಮುರಿಯಬಹುದು. ಆದರೆ ಮೂಳೆಯೊಳಗಿನ ರಾಡಿನ ಮಾತೇ ಬೇರೆ. ಇಂಥ ರಾಡನ್ನ ಹಿಡಿದಿಡೋಕೆ ಸ್ಕ್ರೂ ಇರುವುದಿಲ್ಲ, ಜಾರಬಹುದು. ಮೂಳೆ ಕೂಡಿದ ಮೇಲೆ ಅದನ್ನ ಸಾಮಾನ್ಯವಾಗಿ ತೆಗೆಯುತ್ತಾರೆ. ಬೆಳೆಯುವ ಮರಿಗಳಲ್ಲಂತೂ ಪ್ಲೇಟನ್ನೂ ಬೇಗ ತೆಗೆಯಬೇಕಾಗಬಹುದು. ಇಟ್ಟುಕೊಳ್ಳುವುದಾದರೂ ಎಕ್ಸ್‌ರೇ ನೋಡಿ ಇಟ್ಟುಕೊಳ್ಳಬೇಕಲ್ವಾ? ಮರೆತು ಬಿಟ್ಟಿದ್ದನ್ನ ಇಟ್ಟುಕೊಂಡಿದ್ದು ಅನ್ನಬೇಡಿ.

ಮಾತ್ರೆ ಯಾಕೆ ಹತ್ತಲಿಲ್ಲ ಅಂತಲೂ ಇವತ್ತು ಕೇಳಿ ತಿಳಿದುಕೊಂಡೆ. ಬ್ಯಾಕ್ಟೀರಿಯಾ ಲೋಹದ ಮೈಮೇಲೆ ಅಂಟಂಟು ಪೊರೆ ಕಟ್ಟಿಕೊಂಡು ಒಳಗೆ ಕೂತುಬಿಡುತ್ತವೆ. ಔಷಧಿ ಅದರೊಳಕ್ಕೆ ಸರಿಯಾಗಿ ಇಳಿಯುವುದಿಲ್ಲ. ಮೇಲಿನ ಕೀವು ಆರುತ್ತದೆ, ಮಾತ್ರೆ ನಿಂತ ಕೂಡಲೇ ಮತ್ತೆ ಬರುತ್ತದೆ. ಮೂಳೆ ಕೂಡಿದ್ದರೆ ಲೋಹ ತೆಗೆಯುವುದೇ ಮದ್ದು. ಕೂಡದಿದ್ದರೆ ಅವಸರದಲ್ಲಿ ತೆಗೆಯುವಂತಿಲ್ಲ. ಯಾವುದು ಅಂತ ಹೇಳುವುದು ಮತ್ತೆ ಅದೇ ಎಕ್ಸ್‌ರೇ. ಆ ಮೂರು ಸಲದ ಮಾತ್ರೆ ದುಡ್ಡಿನಲ್ಲಿ ಎಕ್ಸ್‌ರೇ ಆಗಿಹೋಗುತ್ತಿತ್ತು. ಹೂವಿನಮ್ಮ ಆ ದುಡ್ಡನ್ನ ಮೊಳ ಮೊಳ ಮಲ್ಲಿಗೆ ಮಾರಿ ಕೂಡಿಸಿದ್ದು.

ಡಾಕ್ಟರನ್ನ ಮಾತ್ರ ಬೈದರೆ ತಪ್ಪಾಗುತ್ತದೆ. ನಾನೂ ತಪ್ಪು ಮಾಡಿದ್ದೇನೆ, ಇಲ್ಲಿವರೆಗೆ ಯಾರಿಗೂ ಹೇಳಿರಲಿಲ್ಲ. ಬೆಳ್ಳಿಗೆ ಮೂರನೇ ತಿಂಗಳು ಎಕ್ಸ್‌ರೇ ಅಂತ ಅವಳ ಡಾಕ್ಟರು ಸ್ಪಷ್ಟವಾಗಿ ಬರೆದುಕೊಟ್ಟಿದ್ದರು. ನಾನು ಹೋಗಲಿಲ್ಲ. ಓಡ್ತಿದ್ದಾಳಲ್ಲ, ಊಟ ಮಾಡ್ತಿದ್ದಾಳಲ್ಲ ಅಂತ 9 ತಿಂಗಳು ದಾಟಿಸಿದೆ. ಅವಳ ಪ್ಲೇಟು ನೆಟ್ಟಗಿತ್ತು, ಅಷ್ಟೇ. ಇವತ್ತು ಆ ತಟ್ಟೆ ನೋಡುವಾಗ ನೆನಪಾಗಿದ್ದು ಅದೇ. ನಾಯಿ ಓಡುತ್ತದೆ ಅಂದರೆ ನೋವಿಲ್ಲ ಅಂತಲ್ಲ. ಒಂದೇ ಜಾಗ ನೆಕ್ಕಿಕೊಳ್ಳುವುದು, ಓರೆಯಾಗಿ ಕೂರುವುದು, ಮಲಗಿ ಎದ್ದಾಗ ಒಂದೆರಡು ಹೆಜ್ಜೆ ಕಾಲು ಎತ್ತಿಕೊಂಡು ನಡೆಯುವುದು, ಅವು ಹೇಳುವುದು ಹೀಗೇ. ನಿಮ್ಮ ಮನೆಯಲ್ಲಿ ರಾಡು, ಪ್ಲೇಟು ಹಾಕಿಸಿದ ನಾಯಿ ಬೆಕ್ಕು ಇದ್ದರೆ ದಯವಿಟ್ಟು ಇವತ್ತೇ ಹಳೇ ಚೀಟಿ ಹುಡುಕಿ ನೋಡಿ.

"ಬೀದಿ ನಾಯಿಗೆ ಎಷ್ಟು ಅಂತ ಮಾಡ್ತೀರಾ" ಅಂತ ಒಬ್ಬರು ಬೆಳಗ್ಗೆ ಆ ಡಾಕ್ಟರ ಹತ್ತಿರ ಕಾಯುವ ಬೆಂಚಿನಲ್ಲಿ ಕೂತು ಕೇಳಿದರು. ಅವರಿಗೆ ನಾನು ಉತ್ತರ ಕೊಡಲಿಲ್ಲ. ಹೂವಿನಮ್ಮ ಕೊಟ್ಟರು. "ಬೀದೀಲಿರೋದು ನಾನೂನೂ, ಸ್ವಾಮಿ."

ಮಂಪರು ಇಳಿದು ಎದ್ದ ರಾಜ ಮೊದಲು ಅವರ ಸೆರಗನ್ನೇ ಮೂಸಿದ. ಹತ್ತನೇ ದಿನಕ್ಕೆ ಹೊಲಿಗೆ ಬಿಚ್ಚಬೇಕು. ಅವರ ಮನೆ ಗೋಡೆಯ ಕ್ಯಾಲೆಂಡರಿನಲ್ಲಿ ಆ ತಾರೀಖಿಗೆ ನಾನೇ ಸುತ್ತು ಹಾಕಿ ಬಂದಿದ್ದೇನೆ.